ಹಳೇ ಫೈರ್ ಎಂಜಿನ್ ಕೈಗೆ ಬಂತಾ? ಮೊದಲು ಪಂಪ್ ಬಿಚ್ಚಿ

ಹಳೇ ಫೈರ್ ಎಂಜಿನ್ ಮನೆಗೆ ತಂದವರು ಮೊದಲು ಓಡುವುದು ಪೇಂಟರ್ ಹತ್ತಿರ. ದಯವಿಟ್ಟು ಆ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಿ. ಕೆರೆಗೆ ಹೋಸ್ ಇಳಿಸಿದರೆ ಆ ಗಾಡಿ ನೀರು ಎಳೆಯಬೇಕು, ದೂರಕ್ಕೆ ಎಸೆಯಬೇಕು. ಅಷ್ಟಾಗದಿದ್ದರೆ ಅದು ಕೆಂಪು ಬಣ್ಣದ ಲಾರಿ ಅಷ್ಟೆ.

ನಮ್ಮ ಶೆಡ್ಡಿನಲ್ಲಿರುವುದು ಸಕ್ಕರೆ ಕಾರ್ಖಾನೆಯೊಂದರಲ್ಲಿ ದುಡಿದ ಟಾಟಾ-ಮರ್ಸಿಡಿಸ್. 1954ರಿಂದ 1969ರವರೆಗೆ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ಮಾಡುತ್ತಿದ್ದರಲ್ಲ, ಆ ಕಾಲದ ಗಾಡಿ. ಮೂತಿಯ ಮೇಲೆ ಇನ್ನೂ ನಕ್ಷತ್ರ ಇದೆ.

ಎಂಜಿನ್, ಗೇರ್‌ಬಾಕ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಳೇ ಲಾರಿ ಬಲ್ಲ ಮೆಕ್ಯಾನಿಕ್ ಸಿಕ್ಕರೆ ಸಾಕು. ಬೆಂಗಳೂರಿನವರಾದರೆ ಜೆ.ಸಿ. ರೋಡ್, ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಬಿಡಿಭಾಗಗಳನ್ನು ತಾಳ್ಮೆಯಿಂದ ಹುಡುಕಿ. ಒಂದು ಮಾತು ಮಾತ್ರ ನೆನಪಿರಲಿ. ಇಂಥ ಗಾಡಿಗಳು ಓಡಿದ್ದು ಕಡಿಮೆ, ನಿಂತಿದ್ದು ಜಾಸ್ತಿ. ಮೀಟರ್ ನೋಡಿ ಮೋಸ ಹೋಗಬೇಡಿ. ಬ್ರೇಕಿನ ರಬ್ಬರ್, ಡೀಸೆಲ್ ಪೈಪ್, ರೇಡಿಯೇಟರ್ ಹೋಸ್ ನೋಡಲು ಚೆನ್ನಾಗಿದ್ದರೂ ಎಲ್ಲ ಹೊಸದು ಹಾಕಿ.

ಈಗ ಪಂಪ್. ಬಿಚ್ಚುವ ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ, ಪ್ರತಿ ವಾಲ್ವಿಗೂ ಚೀಟಿ ಕಟ್ಟಿ. ಕವರ್ ತೆಗೆದರೆ ಒಳಗೆ ಗನ್‌ಮೆಟಲ್ (ಒಂದು ಬಗೆಯ ಕಂಚು) ಇಂಪೆಲ್ಲರ್, ಅಂದರೆ ತಿರುಗಿ ನೀರು ಎಸೆಯುವ ಚಕ್ರ ಕಾಣುತ್ತದೆ. ಸುಣ್ಣದ ಪದರ ಕಟ್ಟಿರುತ್ತದೆ. ಸುತ್ತಿಗೆ, ಉಳಿ ಮುಟ್ಟಬೇಡಿ. ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಹಾಕಿ, ಪ್ಲಾಸ್ಟಿಕ್ ಬ್ರಷ್‌ನಲ್ಲಿ ಉಜ್ಜಿ.

ನಿಜವಾದ ಕೆಲಸ ಇರುವುದು ಗ್ಲ್ಯಾಂಡಿನಲ್ಲಿ. ಶಾಫ್ಟ್ ಪಂಪಿನಿಂದ ಹೊರಗೆ ಬರುವ ಜಾಗ ಅದು. ಅಲ್ಲಿ ನೀರು ಸೋರದಂತೆ ಸುತ್ತಿದ ಹಳೇ ಪ್ಯಾಕಿಂಗ್ ದಾರದಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಅದಕ್ಕೇ ನೀರು ಚಿಮುಕಿಸಿ, ಸರಿಯಾದ ಮಾಸ್ಕ್ ಹಾಕಿಕೊಂಡು, ಕೊಕ್ಕೆಯಿಂದ ಎಳೆದು ತೆಗೆಯಿರಿ. ಶಾಫ್ಟಿನ ಮೇಲೆ ಉಗುರು ಆಡಿಸಿ ನೋಡಿ. ಗೆರೆಗೆ ಉಗುರು ಸಿಕ್ಕಿಕೊಂಡರೆ ಲೇತಿಗೆ ಕೊಡಬೇಕು, ಬೇರೆ ದಾರಿ ಇಲ್ಲ.

ಹೊಸ ಗ್ರಾಫೈಟ್ ಪ್ಯಾಕಿಂಗನ್ನು ಶಾಫ್ಟಿನಷ್ಟೇ ದಪ್ಪದ ಸರಳಿಗೆ ಸುತ್ತಿ, ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ. ಒಂದೊಂದೇ ಉಂಗುರ ಒಳಗೆ ಕೂರಿಸಿ. ಒಂದರ ಜೋಡು ಮೇಲಿದ್ದರೆ ಮುಂದಿನದು ಪಕ್ಕಕ್ಕೆ ಬರಲಿ. ಎಲ್ಲ ಒಂದೇ ಸಾಲಿಗೆ ಬಂದರೆ ಅಲ್ಲೇ ಗಾಳಿ ನುಗ್ಗುತ್ತದೆ. ನಟ್ಟುಗಳನ್ನು ಕೈಯಲ್ಲೇ ಬಿಗಿ ಮಾಡಿ, ನೀರು ತುಂಬಿಸಿ ಪಂಪ್ ಓಡಿಸಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ. ಒಮ್ಮೆಗೆ ನಟ್ಟಿನ ಒಂದು ಮುಖದಷ್ಟೇ ತಿರುವಿ, ಸ್ವಲ್ಪ ಹೊತ್ತು ಕಾಯಿರಿ. ಗ್ಲ್ಯಾಂಡ್ ಪೂರ್ತಿ ಒಣಗಬಾರದು. ಎಣಿಸುವಷ್ಟು ನಿಧಾನಕ್ಕೆ ಹನಿ ಬೀಳುತ್ತಿರಲಿ. ಶಾಫ್ಟನ್ನು ತಂಪಾಗಿಡುವುದು ಆ ಹನಿಯೇ. ಸೋರುತ್ತಿದೆ ಎಂದು ಯಾರಾದರೂ ಬಿಗಿ ಮಾಡಲು ಬಂದರೆ ಬಿಡಬೇಡಿ.

ಮುಂದಿನದು ಗಾಳಿ ಪರೀಕ್ಷೆ. ಈ ಪಂಪುಗಳು ತಾವೇ ಗಾಳಿ ಎಳೆಯಲಾರವು. ಪಂಪಿಗೆ ಜೋಡಿಸಿದ ಪ್ರೈಮರ್ ಅನ್ನುವ ಸಾಧನ ಗಾಳಿ ತೆಗೆದ ಮೇಲಷ್ಟೇ ನೀರು ಮೇಲೆ ಬರುತ್ತದೆ. ಎಲ್ಲ ವಾಲ್ವ್, ಡ್ರೈನ್ ಮುಚ್ಚಿ, ನೀರು ಎಳೆಯುವ ಸಕ್ಷನ್ ಬಾಯಿಗೆ ಕ್ಯಾಪ್ ಹಾಕಿ, ಪ್ರೈಮರ್ ಓಡಿಸಿ. 45 ಸೆಕೆಂಡಿಗಿಂತ ಜಾಸ್ತಿ ಬೇಡ. ವ್ಯಾಕ್ಯೂಮ್ ಗೇಜಿನ ಮುಳ್ಳು ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕಿಂತ, ಅಲ್ಲೇ ನಿಲ್ಲುತ್ತದಾ ಅನ್ನುವುದು ಮುಖ್ಯ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಮೇಲಿದೆ. ಮಂಗಳೂರಿನಲ್ಲಿ 24 ಇಂಚು (ಪಾದರಸದ ಲೆಕ್ಕದಲ್ಲಿ) ತೋರಿಸುವ ಪಂಪ್ ಇಲ್ಲಿ 21ರ ಆಸುಪಾಸಿನಲ್ಲಿ ನಿಂತರೆ ಅದು ಪಂಪಿನ ತಪ್ಪಲ್ಲ, ಗಾಳಿಯ ಒತ್ತಡವೇ ಇಲ್ಲಿ ಕಡಿಮೆ. ಮುಳ್ಳು ಸರಸರ ಇಳಿದರೆ ಎಲ್ಲೋ ಸಂದಿ ಇದೆ. ಡೀಸೆಲ್ ವಾಸನೆ ಇಲ್ಲದ ಜಾಗದಲ್ಲಿ ಊದುಬತ್ತಿ ಹಚ್ಚಿ ಒಂದೊಂದೇ ಜೋಡಿನ ಹತ್ತಿರ ಹಿಡಿಯಿರಿ. ಹೊಗೆ ಒಳಗೆ ಎಳೆದುಕೊಂಡರೆ ಸಂದಿ ಅಲ್ಲೇ. ಎಷ್ಟೋ ಸಲ ಅದು ಬರೀ ಕ್ಯಾಪಿನ ವಾಷರ್ ಆಗಿರುತ್ತದೆ.

ನೀರಿನ ಟ್ಯಾಂಕ್ ಒಳಗೆ ತುಕ್ಕು ಇದ್ದೇ ಇರುತ್ತದೆ. ತಲೆ ಹಾಕುವ ಮೊದಲು ಮುಚ್ಚಳ ತೆಗೆದು ಬ್ಲೋವರ್ ಇಟ್ಟು ಗಾಳಿ ಆಡಿಸಿ. ಮುಚ್ಚಿದ ಟ್ಯಾಂಕಿನಲ್ಲಿ ತುಕ್ಕು ಆಮ್ಲಜನಕವನ್ನೇ ತಿಂದಿರುತ್ತದೆ. ಒಬ್ಬರೇ ಇಳಿಯಬೇಡಿ.

ಮರದ ಏಣಿಗೆ ಪೇಂಟ್ ಬೇಡ, ಅಗಸೆ ಎಣ್ಣೆ ಸಾಕು. ಪೇಂಟ್ ಬಿದ್ದರೆ ಬಿರುಕು ಕಾಣುವುದಿಲ್ಲ, ಏಣಿ ಹತ್ತಿದವರ ಪ್ರಾಣಕ್ಕೆ ಕುತ್ತು.

ಕೊನೆಗೆ ಬಣ್ಣ. ಹಳೇ ಪೇಂಟಿನಲ್ಲಿ ಸೀಸ ಇರುತ್ತದೆ, ಒಣಗಿದ್ದಾಗ ಉಜ್ಜಬೇಡಿ. ನೀರು ಹಾಕಿ, ನುಣುಪು ವಾಟರ್ ಪೇಪರಿನಲ್ಲಿ ಮೊದಲು ಬಾಗಿಲಿನ ಮೇಲೆ ಅಂಗೈಯಷ್ಟು ಜಾಗ ಮಾತ್ರ ಉಜ್ಜಿ ನೋಡಿ. ನಮ್ಮ ಗಾಡಿಯಲ್ಲಿ ಎರಡು ಪದರ ಕೆಂಪಿನ ಕೆಳಗೆ ಹಳದಿ ಅಕ್ಷರ ಬಂತು. ಮೊದಲು ‘ಮೈ’, ಆಮೇಲೆ ‘ಸೂರು’. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕ ಆಗುವುದಕ್ಕೂ ಮುಂಚಿನ ಬರಹ. ಕೈಯಲ್ಲಿ ಬರೆದದ್ದು, ಕುಂಚ ತಿರುಗಿಸಿದ ಗುರುತು ಇನ್ನೂ ಇದೆ. ಆ ಬಾಗಿಲಿಗೆ ನಾವು ಹೊಸ ಬಣ್ಣ ಹಚ್ಚಲಿಲ್ಲ, ತೆಳುವಾಗಿ ವಾರ್ನಿಷ್ ಕೊಟ್ಟು ಬಿಟ್ಟೆವು. ಉಳಿದ ಕಡೆಗೆ ಅಂಗಡಿಯಲ್ಲಿ ಸುಮ್ನೆ ‘ಕೆಂಪು’ ಎಂದು ಕೇಳಬೇಡಿ. ಪೇಂಟ್ ಬಣ್ಣಗಳ ಭಾರತೀಯ ಮಾನಕವಾದ ಐಎಸ್ 5ರ ಪಟ್ಟಿಯಲ್ಲಿ 536ನೇ ನಂಬರಿನ ‘ಫೈರ್ ರೆಡ್’ ಎಂದು ಹೇಳಿ.

ಗಾಡಿ ಸಿದ್ಧವಾದ ಮೇಲೆ ತಿಂಗಳಿಗೊಮ್ಮೆಯಾದರೂ ಪಂಪ್ ಓಡಿಸಿ. ಕೆರೆ ನೀರು ಎಳೆದಿದ್ದರೆ ಒಳ್ಳೇ ನೀರಿನಲ್ಲಿ ತೊಳೆಯಿರಿ. ಡ್ರೈನ್ ಕಾಕ್‌ಗಳನ್ನೆಲ್ಲ ತೆರೆದು ನೀರು ಪೂರ್ತಿ ಇಳಿದ ಮೇಲೆ ಮುಚ್ಚಿ, ಕ್ಯಾಪಿನ ವಾಷರಿಗೆ ಒಂಚೂರು ಸಿಲಿಕೋನ್ ಗ್ರೀಸ್ ಸವರಿ.