ಎರಡು ಮನೆ ಸೇರಿದರೆ ಬಳಗ

ಶಿರಸಿ ಸೀಮೆಯಲ್ಲಿ ಮನೆಗೆ ಬಂದವರಿಗೆ ಮೊದಲು ‘ಆಸರಿಗೆ ಏನು?’, ಅಂದರೆ ಕುಡಿಯಲು ಏನು ಬೇಕು, ಎಂದು ಕೇಳುತ್ತಾರೆ. ಬಂದವರು ತಿರುಗಿ ಕೇಳುವುದು ‘ಮಾಣಿ (ಹುಡುಗ) ಈಗ ಎಲ್ಲಿದ್ದಾನೆ?’ ಎಂದು. ಮಗ ಬೆಂಗಳೂರಿನ ಕೆಲಸ ಬಿಟ್ಟು ಬಂದು, ಮೂರು ತಿಂಗಳಿಂದ ಕೋಣೆಯ ಬಾಗಿಲು ಹಾಕಿಕೊಂಡಿದ್ದರೆ ಏನು ಹೇಳುವುದು? ಅಂಥ ಮನೆಯವರು ಮೆಲ್ಲಗೆ ಮದುವೆ, ಮುಂಜಿಗೆ ಹೋಗುವುದನ್ನೇ ಬಿಡುತ್ತಾರೆ. ಅವರಿಗೆ ಬೇಕಾದದ್ದು ಮಕ್ಕಳ ಮಾನಸಿಕ ಕಾಯಿಲೆಯ ಅದೇ ಕಷ್ಟ ಕಂಡಿರುವ ಇನ್ನೊಂದು ಮನೆ. ಅಂಥ ಮನೆಯವರು ಸೇರಿ ಮಾತಾಡುವ ಬಳಗ ಕಟ್ಟುವುದು ಹೀಗೆ.

ಆ ಮನೆಯನ್ನು ಹುಡುಕುವುದೇ ಮೊದಲ ಹೆಜ್ಜೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆಗೆ ಮಂಗಳವಾರ ಗೊತ್ತು ಮಾಡಲಾಗಿದೆ. ಆದರೂ ನಿಮ್ಮಲ್ಲಿ ಯಾವ ದಿನ ಎಂದು ವಿಚಾರಿಸಿಕೊಳ್ಳಿ. ಸಾಲಿನಲ್ಲಿ ಕುಳಿತವರನ್ನು ನೀವಾಗಿ ಮಾತನಾಡಿಸಬೇಡಿ. ನಿಮ್ಮ ಮೊಬೈಲ್ ಸಂಖ್ಯೆಯನ್ನು ಆಪ್ತಸಮಾಲೋಚಕರಿಗೆ ಕೊಟ್ಟು, ಇಷ್ಟವಿದ್ದವರಿಗೆ ಕೊಡಲು ಹೇಳಿ. ಮಗನಿಗೂ ತಿಳಿಸಿ. ಅವನ ಯಾವ ಸಂಗತಿ ಹೇಳಬಹುದು, ಯಾವುದು ಬೇಡ ಎಂಬುದನ್ನು ಅವನೇ ತೀರ್ಮಾನಿಸಲಿ.

ಬಳಗ ಸೇರುವ ಜಾಗ ಯಾರ ಮನೆಯೂ ಆಗದಿರಲಿ. ಭಾನುವಾರ ಮಧ್ಯಾಹ್ನ ಖಾಲಿ ಇರುವ ಶಾಲೆಯ ಕೋಣೆ ಒಳ್ಳೆಯದು. ಕೊನೆಯ ಬಸ್ಸಿಗೆ ಮೊದಲೇ ಮುಗಿಸಿ. ಅಡಿಕೆ ಕೊಯ್ಲಿನಲ್ಲಿ ಯಾರೂ ಬರುವುದಿಲ್ಲ. ಜಡಿಮಳೆಯಲ್ಲಿ ಕುಮಟಾದವರು ದೇವಿಮನೆ ಘಟ್ಟ ಹತ್ತಿ ಬರಲಿ ಎನ್ನುವುದೂ ಸರಿಯಲ್ಲ, ಆಗ ಫೋನಿನಲ್ಲೇ ಮಾತಾಡಿ.

ಇನ್ನು ಕಷ್ಟದ ಭಾಗ. ಕೇಳಿದ್ದನ್ನು ಹೊರಗೆ ಆಡಬಾರದು ಎಂಬ ನಿಯಮವನ್ನು ಎಲ್ಲರೂ ಒಪ್ಪುತ್ತಾರೆ. ಕೇಳದೆ ಸಲಹೆ ಕೊಡಬಾರದು ಎಂಬುದನ್ನು ಪಾಲಿಸುವವರು ಅಪರೂಪ. ‘ದೇವರಲ್ಲಿ ಪ್ರಸಾದ ಕೇಳಿಸಿದಿರಾ?’, ‘ಮದುವೆ ಮಾಡಿ, ಸರಿಹೋಗುತ್ತದೆ’, ‘ಮಾತ್ರೆ ಬಿಟ್ಟು ಕಷಾಯ ಕೊಡಿ’. ಇಂಥ ಸಲಹೆಗೆ ಊರಿನಲ್ಲೇ ಬರವಿಲ್ಲ, ಅದಕ್ಕಾಗಿ ಬಳಗ ಕಟ್ಟಬೇಕಾಗಿಲ್ಲ. ಮೂರನೆಯದಂತೂ ಅಪಾಯ: ಖಿನ್ನತೆಯ ಮಾತ್ರೆ ಪರಿಣಾಮ ತೋರಲು ಕೆಲವು ವಾರಗಳೇ ಬೇಕು, ಥಟ್ಟನೆ ಬಿಟ್ಟರೆ ಕಾಯಿಲೆ ಮರುಕಳಿಸಬಹುದು. ‘ನಮ್ಮ ಮನೆಯಲ್ಲಿ ಹೀಗಾಯಿತು’ ಎಂದಷ್ಟೇ ಹೇಳಿ. ಮಧ್ಯಾಹ್ನದವರೆಗೆ ಮಲಗಿದ ಮಗಳನ್ನು ಬೈಯದೆ ಊಟಕ್ಕೆ ಎಬ್ಬಿಸಿದ್ದು ಹೇಗೆ? ಅವಳು ಸ್ನಾನ ಮಾಡದ ವಾರ ಹೇಗೆ ಕಳೆಯಿತು? ಇವು ಸಣ್ಣ ಮಾತುಗಳಲ್ಲ. ಸದಾ ಟೀಕೆ, ಸಿಡಿಮಿಡಿ ಇರುವ ಮನೆಗಳಲ್ಲಿ ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಭ್ರಮೆ ಹುಟ್ಟಿಸುವ ಮಾನಸಿಕ ಕಾಯಿಲೆ) ಹೆಚ್ಚಾಗಿ ಮರುಕಳಿಸುತ್ತದೆ ಎಂಬುದು 1970ರ ದಶಕದ ಲಂಡನ್ ಅಧ್ಯಯನಗಳಲ್ಲೇ ಕಂಡುಬಂದಿತ್ತು. ಹಾಗೆಂದು ಕಾಯಿಲೆ ತಾಯಿಯ ಬೈಗುಳದಿಂದ ಬಂದದ್ದಲ್ಲ. ಇದನ್ನು ಹೊಸಬರಿಗೆ ಮೊದಲ ದಿನವೇ ಹೇಳಿಬಿಡಿ.

ಸಾಯುವ ಮಾತು ಬಂದರೆ ಮುಂದಿನ ಭಾನುವಾರಕ್ಕೆ ಕಾಯಬೇಡಿ. ಒಬ್ಬರು ಜೊತೆಗಿರಲಿ. ತೋಟಕ್ಕೆ ಹೊಡೆಯುವ ಔಷಧವನ್ನು ಬೇರೆ ಮನೆಗೆ ಸಾಗಿಸಿ. ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಹಗಲು ರಾತ್ರಿ ಉಚಿತವಾಗಿ ಸಿಗುವ, ಕನ್ನಡದಲ್ಲೂ ಮಾತನಾಡುವ ಟೆಲಿ ಮಾನಸ್ ಸಹಾಯವಾಣಿ 14416. ಇದು 2022ರ ಅಕ್ಟೋಬರ್‌ನಿಂದ ಇದೆ.

ವಾಟ್ಸ್‌ಆ್ಯಪ್ ಗುಂಪು ಮಾಡುವುದಾದರೆ ಹೆಸರನ್ನು ಯೋಚಿಸಿ ಇಡಿ. ಮೇಜಿನ ಮೇಲಿನ ಫೋನಿನಲ್ಲಿ ‘ಮಾನಸಿಕ ರೋಗಿಗಳ ಪಾಲಕರು’ ಎಂದು ಮೂಡಿದ್ದನ್ನು ಮಗನೂ ಓದುತ್ತಾನೆ. ‘ಭಾನುವಾರದ ಚಹಾ’ ಎಂದರೆ ಸಾಕು.