ಮಳೆ ಇಲ್ಲದೆ ನೆಲಮಾಳಿಗೆಗೆ ನೀರು: ಜಲ್ಲಿ ಗಣಿ ಪಕ್ಕದ ಮನೆಯಲ್ಲಿ ನನ್ನ ಅನುಭವ

ಫೆಬ್ರವರಿ ತಿಂಗಳು. ಮೂರು ವಾರದಿಂದ ಮಳೆ, ಹಿಮ ಏನೂ ಬಿದ್ದಿರಲಿಲ್ಲ. ನೆಲಮಾಳಿಗೆಗೆ ಇಳಿದರೆ ಕಾರ್ಪೆಟ್ಟಿನ ಅಂಚು ಒದ್ದೆ. ಗೋಡೆಯ ಬುಡದಲ್ಲಿ ಬಿಳಿ ಪುಡಿ.

ನಮ್ಮ ಮನೆ ಇರುವುದು ಅಮೆರಿಕದ ಕೊಲರಾಡೊದಲ್ಲಿ, ಡೆನ್ವರ್‌ನಿಂದ ಉತ್ತರಕ್ಕೆ ಬ್ರೈಟನ್ ಕಡೆ. ಸೌತ್ ಪ್ಲ್ಯಾಟ್ ನದಿಯ ಬಯಲು ಇದು. ಮಣ್ಣಿನಡಿ ನದಿ ತಂದು ಹಾಸಿದ ಮರಳು, ಗುಂಡುಗಲ್ಲು. ಅದನ್ನು ತೆಗೆಯುವ ಗಣಿಗಳು ನದಿಯುದ್ದಕ್ಕೂ ಇವೆ. ನಮ್ಮ ಬೇಲಿಯಾಚೆಗೂ ಒಂದು.

ಮೊದಲು ಪೈಪು ಒಡೆದಿದೆ ಅಂದುಕೊಂಡೆ. ನಲ್ಲಿಗಳನ್ನೆಲ್ಲ ಮುಚ್ಚಿ ಒಂದು ಗಂಟೆ ಮೀಟರ್ ನೋಡಿದೆ, ಮುಳ್ಳು ಅಲ್ಲಾಡಲಿಲ್ಲ. ಆಮೇಲೆ ಎರಡಡಿ ಪ್ಲಾಸ್ಟಿಕ್ ಹಾಳೆಯನ್ನು ಬರಿ ನೆಲಕ್ಕೆ ಟೇಪು ಹಚ್ಚಿ ಅಂಟಿಸಿಟ್ಟೆ. ಮರುದಿನ ಹಾಳೆಯ ಅಡಿಭಾಗದಲ್ಲಿ ಹನಿಗಳು. ಅಂದರೆ ತೇವ ಕೆಳಗಿನಿಂದ ಬರುತ್ತಿತ್ತು. ಊರಿಗೆ ವಿಡಿಯೊ ಕರೆ ಮಾಡಿ ಗೋಡೆ ತೋರಿಸಿದೆ. ಗಂಗಾವತಿಯಲ್ಲಿ ತುಂಗಭದ್ರಾ ಕಾಲುವೆಯ ಕೆಳಗೆ ಭತ್ತ ಬೆಳೆದ ಅಪ್ಪನಿಗೆ ಅರ್ಧ ನಿಮಿಷ ಸಾಕಾಯಿತು. "ಇದು ಮಳಿ ನೀರಲ್ಲೋ ತಮ್ಮಾ, ಸವಳು. ಕೆಳಗಿಂದ ಏರಾಕತ್ತೈತಿ. ಬಸಿಗಾಲುವಿ ತೆಗಿ."

ನಾನು ಸಿವಿಲ್ ಎಂಜಿನಿಯರಿಂಗ್ ಓದಿದವನು. ಆದರೂ ಅಂತರ್ಜಲದ ಮಟ್ಟವೇ ಮೇಲೇರಿದೆ ಅಂತ ನನಗೆ ಹೊಳೆದಿರಲಿಲ್ಲ.

ಏರಿದ್ದು ಯಾಕೆ ಅಂತ ಹುಡುಕಿದೆ. ಇಲ್ಲಿನ ಕಾಲುವೆಗಳಲ್ಲಿ ನೀರು ಹರಿಯುವುದು ಬೇಸಿಗೆಯಲ್ಲಿ. ಆಗ ಅಂತರ್ಜಲ ಏರುವುದು ಸಹಜ. ಫೆಬ್ರವರಿಯಲ್ಲಿ ಏರಿದರೆ ಕಾರಣ ಬೇರೆ ಇರಬೇಕು ಅಲ್ವಾ? ಗಣಿಯವರು ಹಿಂದಿನ ವರ್ಷ ಗುಂಡಿಯ ಸುತ್ತ ಕೆಸರು ಗೋಡೆ ಕಟ್ಟಿದ್ದರು. ಕಿರಿದಾದ ಕಂದಕ ತೋಡಿ, ಮಣ್ಣಿಗೆ ಬೆಂಟೊನೈಟ್ ಜೇಡಿ ಕಲಸಿ ತುಂಬಿ, ಕೆಳಗಿನ ಜೇಡಿಬಂಡೆಯೊಳಗೆ ಊರಿಬಿಡುತ್ತಾರೆ. ನೀರು ಒಳಗೂ ಬರಲ್ಲ, ಹೊರಗೂ ಹೋಗಲ್ಲ. ಇಲ್ಲಿನ ಕಾನೂನಿನ ಪ್ರಕಾರ 1980ರ ಡಿಸೆಂಬರ್ 31ರ ನಂತರ ಅಂತರ್ಜಲವನ್ನು ತೆರೆದಿಟ್ಟ ಗುಂಡಿಗಳಲ್ಲಿ ಆವಿಯಾದ ನೀರನ್ನು ನದಿಗೆ ತುಂಬಿಕೊಡಬೇಕು. ಗೋಡೆ ಕಟ್ಟಿದರೆ ಆ ತಾಪತ್ರಯ ಇಲ್ಲ. ಗಣಿ ಮುಗಿದ ಮೇಲೆ ಗುಂಡಿ ಕೆರೆಯಾಗುತ್ತದೆ, ನಗರಗಳು ನೀರು ಕೂಡಿಡಲು ಕೊಳ್ಳುತ್ತವೆ.

ಆದರೆ ನೆಲದಡಿ ನಿಧಾನವಾಗಿ ನದಿಯ ಕಡೆ ಹರಿಯುತ್ತಿದ್ದ ನೀರಿಗೆ ಈಗ ಗೋಡೆ ಅಡ್ಡ. ಅದು ಮೇಲಿನ ಬದಿಯಲ್ಲಿ ಗುಡ್ಡೆ ಕಟ್ಟುತ್ತದೆ. ನಾವಿದ್ದದ್ದು ಮೇಲಿನ ಬದಿಯಲ್ಲೇ.

ಇನ್ನೊಂದು ಮಾತು ನನಗೆ ತಡವಾಗಿ ತಿಳಿಯಿತು. ಮನೆ ಕೊಂಡಾಗ ಗಣಿಯ ಪಂಪುಗಳು ಹಗಲೂ ರಾತ್ರಿ ನೀರೆತ್ತುತ್ತಿದ್ದವು. ನೆಲಮಾಳಿಗೆ ಅಷ್ಟು ಒಣಗಿದ್ದದ್ದು ಅದರಿಂದಲೇ. ಗಣಿಯ ಅನುಮತಿ ಕಡತ ಯಾರು ಬೇಕಾದರೂ ಓದಬಹುದು. ಗಣಿ ಶುರುವಾಗುವ ಮೊದಲಿನ ನೀರಿನ ಮಟ್ಟ ಅದರಲ್ಲಿತ್ತು: ನಮ್ಮ ಹತ್ತಿರ ನೆಲದಿಂದ ಒಂಬತ್ತೂವರೆ ಅಡಿ ಕೆಳಗೆ. ನಮ್ಮ ನೆಲಮಾಳಿಗೆಯ ಆಳ ಎಂಟಡಿ. ಮನೆ ಕೊಳ್ಳುವ ಮೊದಲೇ ಆ ಕಡತ ಓದಬೇಕಿತ್ತು.

ಹಿತ್ತಿಲಲ್ಲಿ ಎರಡಿಂಚಿನ ಪಿವಿಸಿ ಕೊಳವೆ ಇಳಿಸಿದೆ. ಅದಕ್ಕೂ ಸರಕಾರಕ್ಕೆ ಮೊದಲೇ ತಿಳಿಸಬೇಕು. ಅಗೆಯುವ ಮುಂಚೆ 811ಕ್ಕೆ ಫೋನ್ ಮಾಡಿದರೆ ನೆಲದಡಿಯ ತಂತಿ, ಗ್ಯಾಸ್ ಪೈಪು ಎಲ್ಲಿವೆ ಅಂತ ಗುರುತು ಹಾಕಿ ಹೋಗುತ್ತಾರೆ. ಪ್ರತಿ ಭಾನುವಾರ ಬೆಳಿಗ್ಗೆ ಉಕ್ಕಿನ ಟೇಪಿನ ತುದಿಗೆ ನೀಲಿ ಚಾಕ್ ತಿಕ್ಕಿ ಕೊಳವೆಗೆ ಇಳಿಬಿಡುತ್ತಿದ್ದೆ. ಮೇಲೆಳೆದಾಗ ನೀರು ಮುಟ್ಟಿದಲ್ಲಿಗೆ ಬಣ್ಣ ಗಾಢವಾಗಿರುತ್ತದೆ, ಗೆರೆ ಕೊರೆದ ಹಾಗೆ. ಮಾರ್ಚಿನಲ್ಲಿ ನೀರು ಏಳು ಅಡಿ ಎಂಟು ಇಂಚು ಕೆಳಗಿತ್ತು, ಅಂದರೆ ನೆಲಮಾಳಿಗೆಯ ತಳಕ್ಕಿಂತ ನಾಲ್ಕು ಇಂಚು ಮೇಲೆ.

ಗುಂಡಿಯ ಆಚೆ, ನದಿಯ ಬದಿಯಲ್ಲಿ ಒಬ್ಬ ಹಿರಿಯ ರೈತರಿದ್ದಾರೆ. ಹತ್ತಾರು ವರ್ಷದಿಂದ ತಮ್ಮ ಬಾವಿಯ ಮಟ್ಟವನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಗೋಡೆ ಕಟ್ಟಿದ ಮೇಲೆ ಅವರ ಬಾವಿಯಲ್ಲಿ ನೀರು ಮೂರಡಿ ಇಳಿದಿತ್ತು. ಒಂದೇ ಗೋಡೆ, ಈಚೆ ಏರಿಕೆ, ಆಚೆ ಇಳಿಕೆ. ಅವರ ಅಡಿಗೆಮನೆಯ ಮೇಜಿನ ಮೇಲೆ ಎರಡೂ ಲೆಕ್ಕ ಅಕ್ಕಪಕ್ಕ ಇಟ್ಟಾಗ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ವಿಮೆಯಿಂದ ಏನೂ ಸಿಗಲಿಲ್ಲ. ಮನೆ ವಿಮೆಯಲ್ಲಿ ನೆಲದಡಿಯಿಂದ ಜಿನುಗುವ ನೀರು ಸಾಮಾನ್ಯವಾಗಿ ಸೇರುವುದಿಲ್ಲ. ಸರಕಾರದ ಪ್ರವಾಹ ವಿಮೆ ಸಿಗಬೇಕಾದರೂ ನೆಲದ ಮೇಲೆ ಪ್ರವಾಹ ಬಂದಿರಬೇಕು.

ನೆಲಮಾಳಿಗೆಯ ಗೋಡೆಗೆ ಒಳಗಿನಿಂದ ವಾಟರ್‌ಪ್ರೂಫ್ ಬಣ್ಣ ಬಳಿಯಿರಿ ಅಂತ ಹಲವರು ಹೇಳಿದರು. ಸುಮ್ನೆ ದುಡ್ಡು ದಂಡ. ನೆಲಹಾಸಿನ ಅಡಿಮಟ್ಟಕ್ಕಿಂತ ಒಂದಡಿ ಮೇಲಕ್ಕೆ ಹೊರಗಿನ ನೀರು ಏರಿದರೆ ಪ್ರತಿ ಚದರ ಅಡಿ ಕಾಂಕ್ರೀಟಿನ ಮೇಲೆ ಸುಮಾರು 28 ಕೆ.ಜಿ. ಒತ್ತಡ ಕೆಳಗಿನಿಂದ ಬೀಳುತ್ತದೆ. ಅದನ್ನು ಬಣ್ಣ ತಡೆಯಲ್ಲ. ನೀರಿಗೆ ದಾರಿಯನ್ನೇ ಕೊಡಬೇಕು.

ಹಾಗಾಗಿ ಅಪ್ಪ ಹೇಳಿದ ಬಸಿಗಾಲುವೆಯನ್ನೇ ಮನೆಯೊಳಗೆ ತೋಡಿದೆ. ಕಾಂಕ್ರೀಟ್ ಒಡೆಯುವ ಬ್ರೇಕರ್ ಬಾಡಿಗೆಗೆ ತಂದು, ಗೋಡೆಯ ಬುಡದುದ್ದಕ್ಕೂ ಒಂದಡಿ ಅಗಲಕ್ಕೆ ನೆಲ ಒಡೆದೆ. ಮೊದಲ ತುಂಡು ಎತ್ತಿದಾಗ ತಣ್ಣನೆಯ, ತಿಳಿಯಾದ ನೀರು ಒರತೆಯ ಹಾಗೆ ಉಕ್ಕಿತು. ಅದರ ಜೊತೆ ಸಣ್ಣ ಮರಳೂ ಕುಣಿಯುತ್ತ ಬರುತ್ತಿತ್ತು. ಇದನ್ನು ಹಗುರವಾಗಿ ತಗೋಬೇಡಿ. ಮರಳು ನೀರಿನ ಜೊತೆ ಹೋದರೆ ಅಡಿಪಾಯದ ಕೆಳಗೆ ಟೊಳ್ಳಾಗುತ್ತದೆ. ಅವತ್ತೇ ಕೆಲಸ ನಿಲ್ಲಿಸಿ, ಸೋಸುವ ಜಿಯೊಟೆಕ್ಸ್‌ಟೈಲ್ ಬಟ್ಟೆ ತಂದು ಕಾಲುವೆಗೆ ಹಾಸಿದೆ. ಅದರ ಮೇಲೆ ತೊಳೆದ ಜಲ್ಲಿ, ನಾಲ್ಕಿಂಚಿನ ತೂತಿನ ಪೈಪು, ಮತ್ತೆ ಜಲ್ಲಿ. ತೂತುಗಳು ಕೆಳಮುಖವಾಗಿರಬೇಕು. ನೂರಡಿಗೆ ಒಂದಡಿ ಇಳಿಜಾರು ಕೊಟ್ಟೆ. ಮೂಲೆಯ ಗುಂಡಿಯಲ್ಲಿ ನೀರು ಏರಿದಾಗ ತಾನೇ ಓಡುವ ಫ್ಲೋಟ್ ಪಂಪು, ನೀರು ವಾಪಸ್ ಬರದ ಹಾಗೆ ವಾಲ್ವು, ಕರೆಂಟು ಹೋದರೆ ಬ್ಯಾಟರಿ. ನೀರನ್ನು ಹತ್ತಿರದ ಕಾಲುವೆಗೆ ಬಿಡಲು ಕಾಲುವೆಯವರ ಒಪ್ಪಿಗೆ ಪತ್ರ ತಂದೆ.

ಗಣಿಯವರು ಮೊದಲು ಒಪ್ಪಲಿಲ್ಲ. ಹಿಮ ಕರಗಿದ್ದು ಅಂದರು, ಕಾಲುವೆ ಸೋರಿದ್ದು ಅಂದರು. ಒಂದು ವರ್ಷದ ಭಾನುವಾರಗಳ ಲೆಕ್ಕ ಮತ್ತು ರೈತರ ಪುಸ್ತಕ ಮುಂದಿಟ್ಟ ಮೇಲೆ ಮಾತು ಬದಲಾಯಿತು. ಕೊನೆಗೆ ಗೋಡೆಯ ಹೊರಗೆ, ಮೇಲಿನ ಬದಿಯಲ್ಲಿ ಬಸಿಪೈಪು ಹಾಕಿ, ಆ ನೀರನ್ನು ಗುಂಡಿಯ ಸುತ್ತು ಹಾಯಿಸಿ ಕೆಳಬದಿಗೆ ಬಿಟ್ಟರು.

ಈಗ ನನ್ನ ಕೊಳವೆಯಲ್ಲಿ ನೀರು ಎಂಟು ಅಡಿ ಒಂಬತ್ತು ಇಂಚಿನಲ್ಲಿದೆ. ಜುಲೈಯಲ್ಲಿ ಕಾಲುವೆ ತುಂಬಿದಾಗ ಪಂಪು ದಿನಕ್ಕೆ ಐದಾರು ಸಲ ಓಡುತ್ತದೆ, ಚಳಿಗಾಲದಲ್ಲಿ ಸುಮ್ಮನಿರುತ್ತದೆ. ಆಚೆ ಬದಿಯ ಬಾವಿಗೆ ಎರಡಡಿ ನೀರು ವಾಪಸ್ ಬಂದಿದೆ. ಆ ಹಿರಿಯರು ಕಳೆದ ವಾರ ಫೋನ್ ಮಾಡಿ ಅಳತೆ ಹೇಳಿದರು, ನನ್ನದನ್ನೂ ಕೇಳಿ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.