ತೂಕ, ಸೊಂಟ, ಬಿಪಿ: ಮನೆಯಲ್ಲೇ ನೋಡಿಕೊಳ್ಳುವುದು ಹೇಗೆ?

‘ಬಿಪಿ ಸ್ವಲ್ಪ ಜಾಸ್ತಿ ಇದೆ, ತೂಕ ಇಳಿಸಿ’ ಎಂದು ಡಾಕ್ಟರು ಹೇಳುತ್ತಾರೆ. ಎಷ್ಟು, ಯಾಕೆ ಎಂದು ಕೇಳುವಷ್ಟರಲ್ಲಿ ಮುಂದಿನ ಟೋಕನ್ ಕರೆದಾಗಿರುತ್ತದೆ. ಮನೆಯಲ್ಲೇ ಲೆಕ್ಕ ಹಾಕಲು ಟೈಲರ್ ಟೇಪು ಮತ್ತು ಬಿಪಿ ಮೆಷಿನ್ ಸಾಕು.

ಮೊದಲು ಟೇಪು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಸುತ್ತಿ, ಉಸಿರು ಬಿಟ್ಟು ಅಳೆಯಿರಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ! ನಮ್ಮ ದೇಶದ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರ. ಪ್ಯಾಂಟಿನ ಸೈಜು ಹೇಳಿದರೆ ಪ್ರಯೋಜನವಿಲ್ಲ. ನಮ್ಮ ಗಂಡಸರು ಪ್ಯಾಂಟು ಕಟ್ಟುವುದೇ ಹೊಟ್ಟೆಯ ಕೆಳಗೆ ಅಲ್ವಾ?

ತೂಕಕ್ಕಿಂತ ಸೊಂಟಕ್ಕೆ ನಾನು ಹೆಚ್ಚು ಬೆಲೆ ಕೊಡುವುದಕ್ಕೆ ಕಾರಣವಿದೆ. ಹೊಟ್ಟೆಯೊಳಗಿನ ಕೊಬ್ಬು ಸುಮ್ನೆ ಕೂರುವುದಿಲ್ಲ. ರಕ್ತನಾಳ ಬಿಗಿಯಾಗಿಸುವ ಹಾರ್ಮೋನುಗಳು ಅದರಿಂದ ಹೆಚ್ಚುತ್ತವೆ. ಕಿಡ್ನಿ ಉಪ್ಪನ್ನೂ ನೀರನ್ನೂ ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಗಂಡಸರಿಗೆ ಈ ಕೊಬ್ಬು ಬೇಗ ಬರುತ್ತದೆ, ಬಿಪಿಯೂ ಬೇಗ ಏರುತ್ತದೆ. ಹೆಂಗಸರಲ್ಲಿ ಮುಟ್ಟು ನಿಲ್ಲುವ ತನಕ ಕೊಬ್ಬು ಸೇರುವುದು ಹೆಚ್ಚಾಗಿ ತೊಡೆ, ಪೃಷ್ಠದಲ್ಲಿ. ಅದರಿಂದ ಅಷ್ಟು ತೊಂದರೆಯಿಲ್ಲ. ಮುಟ್ಟು ನಿಂತ ಮೇಲೆ ಅದು ಹೊಟ್ಟೆಗೆ ಬರುತ್ತದೆ, ಬಿಪಿ ಗಂಡಸರನ್ನು ಹಿಂದೆ ಹಾಕುವುದೂ ಉಂಟು. ಮನೆಯವರ ಬಿಪಿ ಮಾತ್ರೆ ನೆನಪಿಟ್ಟುಕೊಂಡು ಕೊಡುವ ಅಮ್ಮಂದಿರು ತಮ್ಮ ಬಿಪಿ ನೋಡಿಸಿರುವುದೇ ಇಲ್ಲ. ಬಸುರಿಯಾಗಿದ್ದಾಗ ಬಿಪಿ ಏರಿದ್ದವರಂತೂ ವರ್ಷಕ್ಕೊಮ್ಮೆಯಾದರೂ ನೋಡಿಸಲೇಬೇಕು.

ಇನ್ನು ಬಿಪಿ ಅಳೆಯುವುದು. ಚಾ, ಕಾಫಿ ಕುಡಿದು ಅರ್ಧ ಗಂಟೆ ಆಗಿರಲಿ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಆನಿಕೆ ಇರುವ ಕುರ್ಚಿಯಲ್ಲಿ, ಪಾದ ನೆಲಕ್ಕೆ ಊರಿ, ಐದು ನಿಮಿಷ ಮಾತಾಡದೆ ಕೂರಿ. ತೋಳು ಎದೆಯ ಮಟ್ಟಕ್ಕೆ ಬರುವಂತೆ ಮೇಜಿನ ಮೇಲಿಡಿ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆದು ಎರಡನ್ನೂ ಬರೆದಿಡಿ. ತೋಳು ದಪ್ಪ ಇದ್ದವರು ದೊಡ್ಡ ಪಟ್ಟಿಯನ್ನೇ ಕೇಳಿ ಪಡೆಯಬೇಕು, ಸಣ್ಣದು ಸುತ್ತಿದರೆ ಇಲ್ಲದ ಬಿಪಿಯನ್ನೂ ತೋರಿಸುತ್ತದೆ. ಮನೆಯಲ್ಲಿ ಒಂದು ವಾರದ ಸರಾಸರಿ 135/85 ದಾಟಿದರೆ ಡಾಕ್ಟರಿಗೆ ತೋರಿಸಿ.

ಇಳಿಸಬೇಕಾದ್ದು ರಾಶಿ ಏನಲ್ಲ. ಒಂದು ಕೆ.ಜಿ. ಇಳಿದರೆ ಮೇಲಿನ ಅಂಕಿ ಸುಮಾರು ಒಂದು ಪಾಯಿಂಟ್ ಇಳಿಯುತ್ತದೆ. 80 ಕೆ.ಜಿ.ಯವರು ನಾಲ್ಕೈದು ಕೆ.ಜಿ. ಇಳಿಸಿದರೂ ಮೆಷಿನ್‌ನಲ್ಲಿ ಗೊತ್ತಾಗುತ್ತದೆ. ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸು ನಡಿಗೆ ಬೇಕು. ಕದ್ರಿ ಪಾರ್ಕೋ, ಅಜ್ಜರಕಾಡೋ, ಮಲ್ಪೆ ಬೀಚೋ, ಎಲ್ಲಾದರೂ ಆಗಬಹುದು. ವಾಕಿಂಗ್ ಮುಗಿಸಿ ಹೋಟೆಲಿಗೆ ನುಗ್ಗಿ ಒಂದು ಪ್ಲೇಟ್ ಗೋಳಿಬಜೆ, ಎರಡು ಬನ್ಸ್ ತಿಂದರೆ ನಡೆದದ್ದು ಅಲ್ಲಿಗೇ ವಸೂಲಾಯಿತು.

ಉಪ್ಪು ನಮ್ಮ ಕಡೆಯ ದೊಡ್ಡ ಸಮಸ್ಯೆ. ದಿನಕ್ಕೆ ಒಬ್ಬರಿಗೆ ಒಂದು ಟೀ ಚಮಚಕ್ಕಿಂತ, ಅಂದರೆ ಐದು ಗ್ರಾಂಗಿಂತ ಕಡಿಮೆ ಇರಬೇಕು. ಕುಚಲಕ್ಕಿ ಗಂಜಿ ಒಳ್ಳೆಯದೇ. ಅದರ ಜೊತೆಗೆ ಬರುವ ಮಿಡಿ ಉಪ್ಪಿನಕಾಯಿ, ಒಣಮೀನು ಚಟ್ನಿ, ಹಪ್ಪಳ ಲೆಕ್ಕ ತಪ್ಪಿಸುತ್ತವೆ. ಮಳೆಗಾಲದಲ್ಲಂತೂ ಉಪ್ಪಲ್ಲಿ ಹಾಕಿಟ್ಟ ಹಲಸಿನ ಸೊಳೆ ಬೇರೆ. ಉಪ್ಪಿನಕಾಯಿ, ಚಟ್ನಿ, ಹಪ್ಪಳ ಈ ಮೂರರಲ್ಲಿ ಒಂದನ್ನು ಮಾತ್ರ ಬಡಿಸಿಕೊಳ್ಳಿ. ಸೊಳೆಯನ್ನು ಇನ್ನೆರಡು ಸಲ ನೀರು ಬದಲಿಸಿ ನೆನೆಸಿ.

ರಾತ್ರಿ ಜೋರು ಗೊರಕೆ, ನಡುವೆ ಉಸಿರು ಕಟ್ಟಿದ ಹಾಗೆ ಆಗುತ್ತಿದ್ದರೆ ಡಾಕ್ಟರಿಗೆ ಅದನ್ನೂ ಹೇಳಿ. ಅದೂ ಬಿಪಿ ಏರಿಸುತ್ತದೆ.

ತೂಕ ಇಳಿಯಿತೆಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಎದ್ದು ನಿಂತಾಗ ತಲೆ ತಿರುಗಲು ಶುರುವಾದರೆ ಬರೆದಿಟ್ಟ ಪುಸ್ತಕ ಹಿಡಿದು ಡಾಕ್ಟರ ಬಳಿ ಹೋಗಿ. ಡೋಸ್ ಕಡಿಮೆ ಮಾಡಬೇಕೇ ಎಂದು ಅವರು ನೋಡುತ್ತಾರೆ.